ತಲೆಗೆರೆದ ನೀರು ಮಿದುಳಿಗೆ ಮುಟ್ಟುವ ದಾರಿ

ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಗಳಲ್ಲಿ ಬಚ್ಚಲ ಒಲೆ ಆರುವುದು ಕಡಿಮೆ. ಕಪಾತು ಮಾಡಿ ಒಟ್ಟಿಟ್ಟ ಕಾಫಿ ರೆಂಬೆ, ಸಿಲ್ವರ್ ಓಕಿನ ಸೌದೆ ಒಂದಾದ ಮೇಲೊಂದು ಒಳಗೆ ಹೋಗುತ್ತಿರುತ್ತವೆ, ಹಂಡೆ ಹಬೆಯಾಡುತ್ತಿರುತ್ತದೆ. ಶಾಲೆಯಿಂದ ನೆನೆದು ಬಂದ ಮಗುವಿನ ತಲೆಗೆ ನಾಲ್ಕು ಚೊಂಬು ಬಿಸಿಬಿಸಿ ನೀರು ಹೊಯ್ದರೆ ಶೀತ ಇಳಿದುಹೋಗುತ್ತದೆ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಮೈ ಕೆಂಪಾಗುವಷ್ಟು ಬಿಸಿ ಇಲ್ಲದಿದ್ದರೆ ಅದು ಸ್ನಾನವೇ ಅಲ್ಲ ಎನ್ನುವ ಹಿರಿಯರು ಈಗಲೂ ಪ್ರತಿ ಮನೆಯಲ್ಲಿದ್ದಾರೆ.

ಅಂಥ ಒಂದು ಮಳೆಗಾಲದಲ್ಲಿ ಕಾಫಿ ತೋಟದ ರೈಟರೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ಜೊತೆಗೆ ಹುಡುಗನ ಅಜ್ಜಿಯೂ ಇದ್ದರು. ಹುಡುಗನ ತೋಳಲ್ಲಿ ಹೊಸ ತಾಯತ. "ಬಚ್ಚಲಿಗೆ ಹೋದ್ರೆ ಮಾತ್ರ ಹಿಡ್ಕೊಳ್ತದೆ ಡಾಕ್ಟ್ರೇ. ಶಾಲೆಯಲ್ಲಿ ಇಲ್ಲ, ಆಟ ಆಡುವಾಗ ಇಲ್ಲ, ಮಲಗಿದಾಗ ಇಲ್ಲ. ಆ ಜಾಗದಲ್ಲೇ ಏನೋ ಇದೆ" ಎಂದರು ಅಜ್ಜಿ. ತಲೆಗೆ ಐದಾರು ಚೊಂಬು ನೀರು ಬಿದ್ದ ಮೇಲೆ ಹುಡುಗ ಒಂದೇ ಕಡೆ ದಿಟ್ಟಿಸುತ್ತಾನಂತೆ, ಕರೆದರೆ ಓಗೊಡುವುದಿಲ್ಲವಂತೆ, ಏನೇನೋ ಬಡಬಡಿಸುತ್ತಾನಂತೆ. ಎರಡು ಸಲ ಬಿದ್ದು ಕೈಕಾಲು ಸೆಟೆದುಕೊಂಡಿದ್ದವು.

ಅಜ್ಜಿಯ ಊಹೆ ತಪ್ಪಿತ್ತು. ಆದರೆ ಅವರು ಗಮನಿಸಿ ಹೇಳಿದ್ದರಲ್ಲಿ ಅರ್ಧ ರೋಗನಿರ್ಣಯವೇ ಇತ್ತು. ಬಚ್ಚಲಲ್ಲಿ ಮಾತ್ರ, ಅದೂ ತಲೆಗೆ ಬಿಸಿನೀರು ಬಿದ್ದಾಗ ಮಾತ್ರ ಬರುವ ಈ ಫಿಟ್ಸ್‌ಗೆ ವೈದ್ಯರು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಹಾಟ್ ವಾಟರ್ ಎಪಿಲೆಪ್ಸಿ ಎಂಬ ಈ ಹೆಸರು ನರವಿಜ್ಞಾನದ ಪುಸ್ತಕಗಳಲ್ಲಿ ಎಲ್ಲಿ ಬಂದರೂ ಪಕ್ಕದಲ್ಲಿ ದಕ್ಷಿಣ ಕರ್ನಾಟಕದ ಹೆಸರೂ ಬರುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತು. ಆದರೆ ಇದು ನಮ್ಮ ನೆಲದಲ್ಲಿ ಅಪರೂಪವಲ್ಲ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು. ಅವರ ಮೊದಲ ವರದಿ 1968ರದು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರವನ್ನು ಪ್ರಕಟಿಸಿದರು. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಇದು ಹೆಚ್ಚು. ದೊಡ್ಡವರಿಗೂ ಬರುವುದುಂಟು.

ಕಾರಣ ತಿಳಿಯಬೇಕಾದರೆ ಒಂದು ಚೊಂಬು ನೀರಿನ ಬಿಸಿ ತಲೆಯ ಚರ್ಮದಿಂದ ಮಿದುಳಿನವರೆಗೆ ಹೋಗುವ ದಾರಿಯಲ್ಲಿ ನಾವೂ ನಡೆಯಬೇಕು.

ಅದಕ್ಕೆ ಮೊದಲು ಒಂದು ಮಾತಿನ ಗೊಂದಲ ಬಿಡಿಸುತ್ತೇನೆ. ನಮ್ಮಲ್ಲಿ 'ನರ' ಎಂಬ ಒಂದೇ ಪದ ಹಲವು ಕೆಲಸ ಮಾಡುತ್ತದೆ. ಮುಂಗೈ ಮೇಲೆ ಹಸಿರಾಗಿ ಕಾಣುವುದನ್ನೂ ನರ ಎನ್ನುತ್ತೇವೆ, ಆಸ್ಪತ್ರೆಯಲ್ಲಿ 'ನರಕ್ಕೆ ಇಂಜೆಕ್ಷನ್' ಎನ್ನುತ್ತೇವೆ. ಅದು ರಕ್ತನಾಳ. ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವುದನ್ನೂ ನರ ಎನ್ನುತ್ತೇವೆ. ಅದು ಸ್ನಾಯುವನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು. ನಿಜವಾದ ನರದಲ್ಲಿ ರಕ್ತ ಹರಿಯುವುದಿಲ್ಲ. ಅದು ಬಿಳಿಚಿದ ದಾರದ ಕಂತೆ, ಅದರಲ್ಲಿ ಓಡುವುದು ವಿದ್ಯುತ್ ಸಂಜ್ಞೆ. ಫಿಟ್ಸ್ ಬಂದ ಮಗುವಿನ ತಾಯಿತಂದೆ "ನರ ವೀಕಾಗಿದೆಯಾ?" ಎಂದು ಕೇಳಿ ಟಾನಿಕ್ ಬರೆಸಿಕೊಳ್ಳಲು ನೋಡುವುದು ಈ ಗೊಂದಲದಿಂದಲೇ. ಬಿಸಿನೀರಿನ ಫಿಟ್ಸ್ ಇರುವ ಮಗುವಿನ ನರ ದುರ್ಬಲವಾಗಿರುವುದಿಲ್ಲ. ಬಿಸಿ ತಾಗಿದಾಗ ಅವನ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಕೆರಳುತ್ತದೆ.

ಚರ್ಮದ ಅಡಿಯಲ್ಲಿ ನರಗಳ ತುದಿಗಳು ಹರಡಿಕೊಂಡಿವೆ. ಕೆಲವು ತಂಪನ್ನು ಗುರುತಿಸುತ್ತವೆ, ಕೆಲವು ಬೆಚ್ಚಗಿನದನ್ನು, ಕೆಲವು ಒತ್ತಡವನ್ನು. ಸುಡುವ ಬಿಸಿಗೆಂದೇ ಇರುವ ಒಂದು ಪ್ರೋಟೀನು 43 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬಾಗಿಲು ತೆರೆಯುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಗಾಂಧಾರಿ ಮೆಣಸು ಕಡಿದಾಗ ನಾಲಿಗೆ 'ಉರಿಯುತ್ತದೆ' ಅಲ್ಲವೇ? ಮೆಣಸಿನ ಖಾರವೂ ಅದೇ ಬಾಗಿಲನ್ನು ತೆರೆಯುವುದರಿಂದ ನಿಜವಾದ ಬಿಸಿಯಿಲ್ಲದಿದ್ದರೂ ಮಿದುಳಿಗೆ ಸುಟ್ಟಂತೆ ಅನ್ನಿಸುತ್ತದೆ. ಖಾರ ತಿಂದವರನ್ನು ಕಂಡು ಕನ್ನಡದಲ್ಲಿ ನಾವು ಉರಿ ಎಂಬ ಪದವನ್ನೇ ಬಳಸುವುದು ಎಷ್ಟು ಸರಿಯೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈಗ ಬಚ್ಚಲಲ್ಲಿ ಮಗುವಿನ ಬೆರಳು ಹಂಡೆಯ ಅಂಚಿಗೆ ತಾಗಿತು ಎನ್ನೋಣ. ಕೈ ಮೊದಲು ಹಿಂದಕ್ಕೆ ಬರುತ್ತದೆ, "ಅಮ್ಮಾ" ಎಂಬ ಕೂಗು ಆಮೇಲೆ. ಯಾಕೆಂದರೆ ಬೆರಳಿನಿಂದ ಹೊರಟ ಸುದ್ದಿ ಮಿದುಳಿಗೆ ಹೋಗಿ ಅಪ್ಪಣೆ ತರುವಷ್ಟು ಹೊತ್ತು ಕೈ ಕಾಯುವುದಿಲ್ಲ. ಬೆನ್ನುಹುರಿಯೇ ಅಲ್ಲಿಂದಲ್ಲಿಗೆ ಕೈ ಎಳೆಸುತ್ತದೆ. ಸುದ್ದಿಯ ಇನ್ನೊಂದು ಪ್ರತಿ ಮಿದುಳಿಗೆ ತಲುಪಿದ ಮೇಲೆ ನೋವು ಅರಿವಿಗೆ ಬರುತ್ತದೆ. ಎಲ್ಲ ನರತಂತುಗಳ ವೇಗವೂ ಒಂದೇ ಅಲ್ಲ. ಸ್ನಾಯುವನ್ನು ಆಡಿಸುವ ದಪ್ಪ ತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಅವುಗಳಲ್ಲಿ ಸಂಜ್ಞೆ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ಬೆಚ್ಚಗಿನ ಅನುಭವ, ಉಳಿದು ಕಾಡುವ ಉರಿ ಇವನ್ನು ಹೊರುವ ಸಪೂರ ತಂತುಗಳಿಗೆ ಆ ಹೊದಿಕೆ ಇಲ್ಲ. ಅಲ್ಲಿ ಸಂಜ್ಞೆ ನಾವು ನಡೆಯುವ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರಿನ ಸುಮಾರಿಗೆ ಸಾಗುತ್ತದೆ.

ಕೈಗೆ ಬೆನ್ನುಹುರಿಯ ದಾರಿಯಾದರೆ ತಲೆಯ ಚರ್ಮದ ದಾರಿ ಬೇರೆ, ತುಂಬ ಹತ್ತಿರದ್ದು. ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ಐದನೆಯದು ಮುಖ, ಹಣೆ ಮತ್ತು ನೆತ್ತಿಯವರೆಗಿನ ಚರ್ಮದ ಸುದ್ದಿ ತರುತ್ತದೆ. ಹಿಂದಲೆಯ ಸುದ್ದಿಯನ್ನು ಕುತ್ತಿಗೆಯ ಮೇಲ್ಭಾಗದ ನರಗಳು ತರುತ್ತವೆ. ಇವೆಲ್ಲ ಮಿದುಳ ಕಾಂಡದ ಬುಡದಲ್ಲಿ ಕೂಡಿ, ಅಲ್ಲಿಂದ ಥಾಲಮಸ್ ಎಂಬ ಜಂಕ್ಷನ್ನಿಗೆ ಏರಿ, ಮಿದುಳಿನ ಹೊರಪದರಕ್ಕೆ ಹಂಚಿಹೋಗುತ್ತವೆ. ಥಾಲಮಸ್ಸಿನ ಕೆಳಗೇ ಇರುವ ಹೈಪೊಥಾಲಮಸ್ ಎಂಬ ಪುಟ್ಟ ಭಾಗ ದೇಹದ ಬಿಸಿಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಮಡಿಕೇರಿಯ ಜುಲೈ ಚಳಿಯಲ್ಲಿ ಮೈ ನಡುಗಿಸುವುದೂ ಅದೇ, ಬಚ್ಚಲಲ್ಲಿ ಬೆವರಿಸುವುದೂ ಅದೇ. ಇವೆಲ್ಲ ನಮ್ಮ ಅಪ್ಪಣೆ ಕೇಳದೆ ನಡೆಯುವ ಕೆಲಸಗಳು. ಉಸಿರು, ಎದೆಬಡಿತ, ಜೀರ್ಣ ಇವೂ ಹಾಗೆಯೇ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಸಂದು ಇದೆ. ಒಂದು ಕೋಶದ ತುದಿಯಿಂದ ರಾಸಾಯನಿಕ ಹೊರಬಿದ್ದು ಆ ಸಂದು ದಾಟಿ ಮುಂದಿನ ಕೋಶವನ್ನು ಮುಟ್ಟುತ್ತದೆ. ಕೆಲವು ರಾಸಾಯನಿಕಗಳು ಮುಂದಿನ ಕೋಶವನ್ನು ಎಬ್ಬಿಸುತ್ತವೆ, ಕೆಲವು ಸುಮ್ಮನಿರಿಸುತ್ತವೆ. ಸುಮ್ಮನಿರಿಸುವವುಗಳಲ್ಲಿ ಮುಖ್ಯವಾದದ್ದು ಗಾಬಾ. ಎಬ್ಬಿಸುವುದೂ ತಡೆಯುವುದೂ ಸರಿದೂಗಿರುವವರೆಗೆ ಸಾವಿರಾರು ಕೋಶಗಳು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಮಾತಾಡುತ್ತಿರುತ್ತವೆ. ಈ ತೂಕ ತಪ್ಪಿ, ಒಂದು ಭಾಗದ ಕೋಶಗಳೆಲ್ಲ ಒಂದೇ ತಾಳಕ್ಕೆ ಒಟ್ಟಿಗೆ ಮಿಡಿಯತೊಡಗಿದರೆ ಅದೇ ಫಿಟ್ಸ್. ಕಿವಿಯ ಒಳಬದಿಗಿರುವ ಟೆಂಪೊರಲ್ ಹಾಲೆಯಲ್ಲಿ ಅದು ಶುರುವಾದರೆ ಮಗು ದಿಟ್ಟಿಸುತ್ತದೆ, ಭಯಪಡುತ್ತದೆ, ಇಲ್ಲದ್ದನ್ನು ಕಾಣುತ್ತದೆ ಅಥವಾ ಕೇಳುತ್ತದೆ, ಅರ್ಥವಿಲ್ಲದ್ದನ್ನು ಆಡುತ್ತದೆ. ಬಿಸಿನೀರಿನ ಫಿಟ್ಸ್‌ನಲ್ಲಿ ಹೆಚ್ಚಾಗಿ ಕಾಣುವುದು ಇದೇ ಬಗೆ. ಇಡೀ ಮಿದುಳಿಗೆ ಹರಡಿದರೆ ಬಿದ್ದು ಕೈಕಾಲು ಬಡಿಯುತ್ತದೆ.

ನಮ್ಮಲ್ಲಿ ನೀರು ಎರೆಯುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಅಧ್ಯಯನಗಳಲ್ಲಿ ಕಂಡ ನೀರಿನ ಬಿಸಿ 40ರಿಂದ 50 ಡಿಗ್ರಿ. ಟಬ್ಬಿನಲ್ಲಿ ಕುಳಿತು ಮೈ ಅದ್ದುವ ಸ್ನಾನವಲ್ಲ ನಮ್ಮದು, ನೆತ್ತಿಯ ಮೇಲೆಯೇ ಚೊಂಬಿನ ಮೇಲೆ ಚೊಂಬು, ಉಸಿರಾಡಲು ಬಿಡುವಿಲ್ಲದಂತೆ ಸುರಿಯುವ ಸ್ನಾನ. ಬಿಸಿ, ರಭಸ, ತಲೆ ಎಂಬ ಜಾಗ ಮೂರೂ ಸೇರಿ ಥಾಲಮಸ್ಸಿನ ಕಡೆಗೆ ಒಮ್ಮೆಗೇ ಸಂಜ್ಞೆಗಳ ಪ್ರವಾಹ ಬರುತ್ತದೆ. ಬಹುಪಾಲು ಮಕ್ಕಳ ಮಿದುಳು ಅದನ್ನು ತಾಳಿಕೊಳ್ಳುತ್ತದೆ. ಹುಟ್ಟಿನಿಂದಲೇ ಬಿಸಿಗೆ ಬೇಗ ಕೆರಳುವ ಗುಣ ಇರುವ ಕೆಲವರದು ತಾಳುವುದಿಲ್ಲ. ಈ ಗುಣ ಕೆಲವು ಕುಟುಂಬಗಳಲ್ಲಿ ಹರಿದುಬರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಿಮ್ಹಾನ್ಸ್ ಜೊತೆ ಸೇರಿ ಅಂಥ ಕುಟುಂಬಗಳನ್ನು ಪರೀಕ್ಷಿಸಿ, 10 ಮತ್ತು 4ನೆಯ ವರ್ಣತಂತುಗಳಲ್ಲಿ ಅದರ ನಂಟಿರುವ ಜಾಗಗಳನ್ನು ಗುರುತಿಸಿದ್ದಾರೆ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಇದ್ದರೆ ಚಿಕ್ಕವರ ಸ್ನಾನದ ಕಡೆಗೂ ಒಂದು ಕಣ್ಣಿರಲಿ.

ಒಂದು ವಿಚಿತ್ರವನ್ನು ಪೋಷಕರಿಗೆ ಹೇಳಲೇಬೇಕು. ಕೆಲವು ಮಕ್ಕಳಿಗೆ ಫಿಟ್ಸ್ ಶುರುವಾಗುವ ಹೊತ್ತಿನಲ್ಲಿ ಹಿತವೆನ್ನಿಸುತ್ತದೆ. ಕೈ ತನ್ನಷ್ಟಕ್ಕೆ ಇನ್ನೂ ನೀರು ಹೊಯ್ದುಕೊಳ್ಳುತ್ತಲೇ ಇರುತ್ತದೆ, ನಿಲ್ಲಿಸೆಂದರೂ ನಿಲ್ಲಿಸುವುದಿಲ್ಲ. ಹಟಮಾರಿತನ ಎಂದು ಬೆನ್ನಿಗೆ ಎರಡು ಬಿಗಿದ ತಂದೆಯರನ್ನು ನಾನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಮಗುವಿಗೆ ನಿಮ್ಮ ಮಾತು ಕೇಳಿಸುತ್ತಿರುವುದಿಲ್ಲ. ಚೊಂಬನ್ನು ಮೆಲ್ಲಗೆ ಕೈಯಿಂದ ತೆಗೆದುಕೊಳ್ಳಿ.

ಬಚ್ಚಲಲ್ಲಿ ಫಿಟ್ಸ್ ಬಂದರೆ ಅಪಾಯ ಎರಡು ಕಡೆಯಿಂದ: ಒಂದು ಒಲೆ ಮತ್ತು ಕಾದ ಹಂಡೆ, ಇನ್ನೊಂದು ನೀರು. ಮೊದಲು ಮಗುವನ್ನು ಇವೆರಡರಿಂದ ದೂರ ಎಳೆದು, ಮೂಗುಬಾಯಿ ನೀರಿಗೆ ತಾಗದಂತೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ತಲೆಯ ಕೆಳಗೆ ಮಡಚಿದ ಟವೆಲ್ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಹಲ್ಲಿನ ನಡುವೆ ಚಮಚ, ಬೆರಳು, ಬಟ್ಟೆ ಯಾವುದನ್ನೂ ತುರುಕಬೇಡಿ. ನಾಲಿಗೆ ನುಂಗಿಬಿಡುತ್ತಾರೆ ಎಂಬುದು ಸುಳ್ಳು. ಕಬ್ಬಿಣ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಆಗುವುದೇನೂ ಇಲ್ಲ. ಪೂರ್ತಿ ಎಚ್ಚರ ಬರುವವರೆಗೆ ನೀರು ಕುಡಿಸಬೇಡಿ. ಗಡಿಯಾರ ನೋಡಿ. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದೊಳಗೆ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಮಗುವಿಗೆ ಎಚ್ಚರ ಮರಳದಿದ್ದರೆ 108ಕ್ಕೆ ಕರೆ ಮಾಡಿ. ನಮ್ಮ ರಸ್ತೆಗಳಲ್ಲಿ ಮಳೆಗಾಲಕ್ಕೆ ಮರ ಬೀಳುವುದು, ಮಣ್ಣು ಜರಿಯುವುದು ಹೊಸದಲ್ಲ. ಒಳತೋಟದಲ್ಲಿರುವವರು ಆ ಐದನೆಯ ನಿಮಿಷಕ್ಕೂ ಕಾಯದೆ ಜೀಪು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವೀಡಿಯೊ ಮಾಡಿಕೊಳ್ಳಲಿ. ಎಷ್ಟೋ ಸಲ ಆ ಅರ್ಧ ನಿಮಿಷದ ವೀಡಿಯೊ ನಮಗೆ ಸ್ಕ್ಯಾನಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಮೊದಲ ಸಲ ಫಿಟ್ಸ್ ಬಂದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು, ಬಚ್ಚಲಲ್ಲಿ ಬಂದದ್ದು ತಾನೇ ಎಂದು ಬಿಡಬೇಡಿ. ಜ್ವರದ ಫಿಟ್ಸ್ ಬೇರೆ, ಬಿಸಿ ಬಚ್ಚಲಿನಿಂದ ಎದ್ದಾಗ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವುದು ಬೇರೆ, ಸೌದೆಯ ಹೊಗೆ ಅಥವಾ ಗ್ಯಾಸ್ ಗೀಸರಿನ ವಿಷಗಾಳಿ ತುಂಬಿದ ಕಿಟಕಿಯಿಲ್ಲದ ಬಚ್ಚಲಲ್ಲಿ ಎಚ್ಚರ ತಪ್ಪುವುದು ಇನ್ನೂ ಬೇರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸಿ, ಬೇಕಾದರೆ ಮೈಸೂರು ಅಥವಾ ಮಂಗಳೂರಿನ ನರರೋಗ ತಜ್ಞರವರೆಗೆ ಹೋಗಿ. ಮಿದುಳಿನ ವಿದ್ಯುತ್ತನ್ನು ಗೀಚಿ ತೋರಿಸುವ ಇಇಜಿ ಪರೀಕ್ಷೆಗೆ ನೋವಿಲ್ಲ, ಶಾಕ್ ಕೊಡುವುದೂ ಇಲ್ಲ. ಎರಡು ಫಿಟ್ಸ್‌ಗಳ ನಡುವಿನ ದಿನಗಳಲ್ಲಿ ಅದು ಸರಿಯಾಗಿಯೇ ಬರಬಹುದು. ಆ ಚೀಟಿ ನೋಡಿ ರೋಗವೇ ಇಲ್ಲ ಎಂದುಕೊಳ್ಳಬೇಡಿ.

ಚಿಕಿತ್ಸೆಯ ಮೊದಲ ಭಾಗ ಬಚ್ಚಲಲ್ಲೇ ಇದೆ. ನೀರು ಉಗುರುಬೆಚ್ಚಗಿರಲಿ. ಮೊಣಕೈ ಅದ್ದಿ ನೋಡಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಮೊದಲು ಕಾಲಿಗೆ, ಮೈಗೆ, ಕೊನೆಗೆ ತಲೆಗೆ. ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೂ ಆದೀತು. ಎಷ್ಟೋ ಮಕ್ಕಳಿಗೆ ಇಷ್ಟರಿಂದಲೇ ಫಿಟ್ಸ್ ನಿಲ್ಲುತ್ತದೆ. ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆ ಕೊಡುವ ಕ್ರಮವನ್ನು ನಿಮ್ಹಾನ್ಸ್‌ನ ತಜ್ಞರು ಬಳಕೆಗೆ ತಂದರು. ಗಾಬಾದ ಕೈ ಬಲಪಡಿಸುವ ಔಷಧ ಅದು. ಪ್ರಮಾಣವನ್ನು ವೈದ್ಯರು ಮಗುವಿನ ತೂಕ ನೋಡಿ ಹೇಳಬೇಕು, ಪಕ್ಕದ ಮನೆಯವರ ಚೀಟಿ ನಡೆಯುವುದಿಲ್ಲ. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗಬಹುದು. ಅವರಿಗೆ ದಿನವೂ ಮಾತ್ರೆ ಬೇಕಾಗುತ್ತದೆ, ಅದನ್ನು ತಾವಾಗಿ ನಿಲ್ಲಿಸಬಾರದು.

ಹೆಣ್ಣುಮಗುವಾದರೆ ತಾಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: "ಮುಂದೆ ಮದುವೆಗೆ?" ಅಪಸ್ಮಾರವಿದೆ ಎಂಬ ಕಾರಣಕ್ಕೆ ಮದುವೆ ಊರ್ಜಿತವಲ್ಲ ಎನ್ನುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಈ ಮಕ್ಕಳು ಓದುತ್ತಾರೆ, ಹಾಕಿ ಆಡುತ್ತಾರೆ, ಬೆಳೆದು ತಮ್ಮ ಮಕ್ಕಳಿಗೂ ನೀರು ಎರೆಯುತ್ತಾರೆ. ಶಾಲೆಯ ಟೀಚರಿಗೆ, ಹಾಸ್ಟೆಲ್ ವಾರ್ಡನ್ನಿಗೆ ವಿಷಯ ತಿಳಿಸಿಡಿ. ಬಚ್ಚಿಟ್ಟರೆ ಹಾಸ್ಟೆಲಿನ ಬಚ್ಚಲಲ್ಲಿ ಅದು ಗೊತ್ತಾಗುವ ರೀತಿ ಕೆಟ್ಟದಾಗಿರಬಹುದು.

ಆ ರೈಟರ ಮಗ ತೋಳಿನ ತಾಯತವನ್ನು ಬಿಚ್ಚಲಿಲ್ಲ, ಬಿಚ್ಚೆಂದು ನಾನೂ ಹೇಳಲಿಲ್ಲ. ಅಜ್ಜಿಗೆ ಹೇಳಿದ್ದು ಎರಡೇ: ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೊಣಕೈಯಿಂದ ನೋಡಿ, ಬಚ್ಚಲ ಚಿಲಕ ಹಾಕಲು ಬಿಡಬೇಡಿ. ಮುಂದಿನ ಸಲ ಬಂದಾಗ ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು, "ಚಿಲಕ ಕಿತ್ತೇ ಹಾಕಿಸಿದೆ ಡಾಕ್ಟ್ರೇ. ಪರದೆ ಕಟ್ಟಿದ್ದೇನೆ. ಒಳಗಿಂದ ಅವ ಹಾಡ್ತಾ ಇರಬೇಕು ಅಂತ ಹೇಳಿದ್ದೇನೆ. ಹಾಡು ನಿಂತ್ರೆ ನಾನು ಒಳಗೆ ಹೋಗ್ತೇನೆ."