ನೆಲ ಮತ್ತೆ ಮತ್ತೆ ಗುಡುಗಿದರೆ ಮೊದಲು ಗೋಡೆ, ಮಾಳಿಗೆ ನೋಡಿ

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. ನೆಲದೊಳಗಿಂದ ಗುಡುಗಿನಂಥ ಸದ್ದು, ಅದರ ಬೆನ್ನಿಗೇ ನಡುಕ. ಮರುವರ್ಷ ಜೂನ್ ಕೊನೆಯಲ್ಲಿ ಕೊಡಗು–ಸುಳ್ಯ ಗಡಿಯ ಗುಡ್ಡದೂರುಗಳಾದ ಕರಿಕೆ, ಚೆಂಬು, ಸಂಪಾಜೆಗಳಲ್ಲೂ ಇದೇ ಆಯಿತು. ಜೂನ್ 28ರ ಬೆಳಿಗ್ಗೆ ಬಂದ ಕಂಪನದ ಪ್ರಮಾಣ 3.0. ಹೀಗೆ ಒಂದೇ ಜಾಗದಲ್ಲಿ ಸಣ್ಣ ಕಂಪನಗಳು ದಿನಗಟ್ಟಲೆ ಬರುವುದಕ್ಕೆ ಭೂಕಂಪ ಸರಣಿ ಎನ್ನುತ್ತಾರೆ. ನೆಲದಡಿಯ ಬಂಡೆಯ ಬಿರುಕುಗಳು ತುಸುತುಸುವೇ ಜಾರುವುದೇ ಇದಕ್ಕೆ ಕಾರಣ. ಮಳೆನೀರು ಆಳಕ್ಕೆ ಇಳಿದಾಗ ಆ ಜಾರುವಿಕೆ ಸಲೀಸಾಗಬಹುದು. ಕಂಪನ ಹೆಚ್ಚು ಆಳದಲ್ಲಿರದೆ, ಬಂಡೆಯೂ ಗಟ್ಟಿಯಾಗಿದ್ದರೆ ನಡುಕಕ್ಕಿಂತ ಸದ್ದೇ ಜೋರು.

ನಮ್ಮ ಮೈಲಾರ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆ ಭೂಕಂಪ ನಕ್ಷೆಯಲ್ಲಿ ಕಡಿಮೆ ಅಪಾಯದ ಪ್ರದೇಶ. ಆದರೆ ಮಹಾರಾಷ್ಟ್ರದ ಕಿಲ್ಲಾರಿಯೂ 1993ಕ್ಕೆ ಮುಂಚೆ ಹಾಗೇ ಇತ್ತು. ಅಲ್ಲಿ 1992ರಲ್ಲಿ ಸಣ್ಣ ಕಂಪನಗಳ ಸರಣಿ ಬಂದು ಅಡಗಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ಪ್ರಮಾಣದ ಭೂಕಂಪ ಬಂತು. ಸುಮಾರು 10 ಸಾವಿರ ಜನ ಸತ್ತರು. ಬಹುಪಾಲು ಜನರ ಮೇಲೆ ಬಿದ್ದದ್ದು ಅವರದೇ ಮನೆಯ ಮಾಳಿಗೆ: ಮಣ್ಣಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆ, ಮೇಲೆ ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಅಂಥವೇ. ಅದಕ್ಕೇ ಈ ಲೇಖನ.

ನೆಲ ನಡುಗಲಿ ಬಿಡಲಿ, ಮೊದಲ ಕೆಲಸ ಗೋಡೆ ನೋಡುವುದು. ಹೊರಗಿನಿಂದ ಸುತ್ತು ಹಾಕಿ, ಗೋಡೆ ಎಲ್ಲಾದರೂ ಹೊಟ್ಟೆ ಬಿಟ್ಟಿದೆಯೇ, ಎರಡು ಗೋಡೆ ಕೂಡುವ ಮೂಲೆ ಬಾಯಿ ಬಿಟ್ಟಿದೆಯೇ ನೋಡಿ. ಒಳಗೆ ಜಂತಿ, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂದು ಕುಟ್ಟಿ ನೋಡಿ. ದಪ್ಪ ಗೋಡೆ ಗಟ್ಟಿ ಗೋಡೆ ಎಂಬ ನಂಬಿಕೆ ಬೇಡ. ಒಳಗೊಂದು ಹೊರಗೊಂದು ಕಲ್ಲಿನ ಸಾಲು ಇಟ್ಟು ನಡುವೆ ಜಲ್ಲಿ, ಮಣ್ಣು ತುಂಬಿದ ಗೋಡೆ ನಡುಕಕ್ಕೆ ಸೀಳಿ ಎರಡಾಗುತ್ತದೆ. ಎರಡೂ ಸಾಲನ್ನು ಹಿಡಿದಿಡುವ ಉದ್ದಗಲ್ಲುಗಳು ಅಲ್ಲಲ್ಲಿ ಇರಲೇಬೇಕು.

ಆಮೇಲೆ ಮಾಳಿಗೆ. ಸೋರಿದಾಗೆಲ್ಲ ಹೊಸ ಮಣ್ಣು ಹಾಕುತ್ತಾ ಬಂದಿದ್ದೇವೆ, ಹಳೆಯದನ್ನು ತೆಗೆದವರು ಕಡಿಮೆ. ಅಜ್ಜನ ಕಾಲದಿಂದ ಏರಿದ ಭಾರ ಇಂದು ಮಕ್ಕಳ ತಲೆಯ ಮೇಲಿದೆ. ಬೇಸಿಗೆಯಲ್ಲಿ, ಎಂಜಿನಿಯರರನ್ನೋ ಅನುಭವಿ ಗೌಂಡಿಯನ್ನೋ ಕೇಳಿ, ಮೇಲಿನ ಪದರ ಇಳಿಸಿ. ಒಂದೇ ಕಡೆಯಿಂದ ಅಗೆಯದೆ ಎರಡೂ ಬದಿಯಿಂದ ಸಮವಾಗಿ ತೆಗೆಯಿರಿ. ಕೆಲಸ ನಡೆಯುವಾಗ ಕೆಳಗೆ ಜನವೂ ಇರಬಾರದು, ದನವೂ ಇರಬಾರದು. ಉಳಿಸುವ ಮಣ್ಣಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರಿಕೆಯೂ ನಿಲ್ಲುತ್ತದೆ. ಹೊಸ ಮನೆ ಕಟ್ಟುವವರು ಲಿಂಟಲ್ಲನ್ನು ಬಾಗಿಲು, ಕಿಟಕಿಗಳ ಮೇಲಷ್ಟೇ ತುಂಡುತುಂಡಾಗಿ ಹಾಕದೆ, ಕಬ್ಬಿಣ ಕಟ್ಟಿ ನಾಲ್ಕೂ ಗೋಡೆಗೆ ಸುತ್ತಲೂ ಪಟ್ಟಿಯಂತೆ ಹಾಕಿಸಿ. ಇಡೀ ಮನೆಯ ಖರ್ಚಿನಲ್ಲಿ ಅದು ದೊಡ್ಡ ಬಾಬಲ್ಲ.

ಮಂಚವನ್ನು ಹೊಟ್ಟೆ ಬಿಟ್ಟ ಗೋಡೆಯಿಂದ ದೂರ ಎಳೆಯಿರಿ. ಅಟ್ಟದ ಮೇಲಿನ ಭಾರದ ಸಾಮಾನು ಕೆಳಗಿಳಿಸಿ. ಬಾಗಿಲ ದಾರಿಯಲ್ಲಿ ಚೀಲ ಒಟ್ಟಬೇಡಿ.

ಕಂಪನ ಶುರುವಾದಾಗ ಏನು ಮಾಡಬೇಕು? ಆರ್‌ಸಿಸಿ ಮನೆಯಲ್ಲಿದ್ದರೆ ಓಡಬೇಡಿ. ಗಟ್ಟಿ ಮೇಜಿನಡಿ ಕೂತು, ತಲೆ ಮುಚ್ಚಿ, ಅದರ ಕಾಲು ಹಿಡಿದುಕೊಳ್ಳಿ. ಮಾಳಿಗೆ ಮನೆಯ ಮಾತು ಬೇರೆ: ಬಾಗಿಲು ನಾಲ್ಕೈದು ಹೆಜ್ಜೆಯಲ್ಲಿದ್ದು, ಎದುರಿಗೆ ಬಯಲಿದ್ದರೆ ಹೊರಬನ್ನಿ. ಎದುರಿಗೆ ಇಕ್ಕಟ್ಟಿನ ಓಣಿ ಇದ್ದರೆ ಎರಡೂ ಕಡೆಯ ಗೋಡೆ ನಿಮ್ಮ ಮೇಲೆಯೇ ಬೀಳಬಹುದು. ಆಗ ಒಳಗೇ ಗಟ್ಟಿ ಮಂಚದ ಅಡಿ ಸೇರುವುದು ಮೇಲು. ಯಾರ ಮನೆಗೆ ಯಾವುದು ಸರಿ ಎಂದು ಇವತ್ತೇ ಮನೆಮಂದಿ ಕೂತು ಗೊತ್ತು ಮಾಡಿಕೊಳ್ಳಿ. ವಯಸ್ಸಾದವರ ಕೈ ಯಾರು ಹಿಡಿಯಬೇಕು ಎಂಬುದೂ ಆಗಲೇ ತೀರ್ಮಾನವಾಗಲಿ.

ಸರಣಿ ಮುಂದುವರಿದರೆ ಒಂದು ಪುಸ್ತಕದಲ್ಲಿ ದಿನ, ಹೊತ್ತು, ಸದ್ದು ಕೇಳಿಸಿತೇ, ಪಾತ್ರೆ ಅಲುಗಿತೇ ಎಂದು ಬರೆದಿಡಿ. ತಹಶೀಲ್ದಾರರಿಗೆ ತಿಳಿಸಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ರಾಷ್ಟ್ರೀಯ ಭೂಕಂಪ ಕೇಂದ್ರ ಹೇಳಿದ ಅಂಕಿಯನ್ನು ಮಾತ್ರ ನಂಬಿ. ಮೈಲಾರಲಿಂಗೇಶ್ವರನ ಕಾರಣಿಕದ ಭವಿಷ್ಯವಾಣಿಯನ್ನು ನಾವು ಭಕ್ತಿಯಿಂದ ಕೇಳುವವರು. ಆದರೆ ಭೂಕಂಪದ ದಿನ ಹೇಳುತ್ತೇನೆಂದು ವಾಟ್ಸಾಪಿನಲ್ಲಿ ಬರುವ ಮಾತಿಗೆ ಯಾವ ಆಧಾರವೂ ಇಲ್ಲ. ಅಂಥ ವಿದ್ಯೆ ವಿಜ್ಞಾನಿಗಳಿಗೂ ಒಲಿದಿಲ್ಲ. ಸಣ್ಣವು ಬಂದುಹೋದರೆ ದೊಡ್ಡದು ತಪ್ಪುತ್ತದೆ ಎಂಬುದೂ ಸುಳ್ಳು: 6.2ರ ಭೂಕಂಪದ ಶಕ್ತಿ ತೀರಬೇಕಾದರೆ 3.0ರ ಕಂಪನಗಳು 60 ಸಾವಿರಕ್ಕೂ ಹೆಚ್ಚು ಬೇಕು. ಹೆಚ್ಚಿನ ಸರಣಿಗಳು ತಾವಾಗಿಯೇ ಅಡಗುತ್ತವೆ, ನಿಜ. ಯಾವುದು ಕಿಲ್ಲಾರಿಯಾಗುತ್ತದೆ ಎಂದು ಮುಂಚೆ ಹೇಳಲು ಆಗದ್ದರಿಂದಲೇ ಮನೆಯ ಭಾರ ಇಳಿಸಿ ಎನ್ನುತ್ತಿರುವುದು.

ಕಂಪನದ ನಂತರ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ. ಹೊಸ ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಗೆರೆ ದಾಟಿ ಬೆಳೆದರೆ ಆ ಮನೆ ಖಾಲಿ ಮಾಡಿ. ಎಂಜಿನಿಯರ್ ಬಂದು ನೋಡುವ ತನಕ ದನಗಳನ್ನೂ ಹೊರಗೇ ಕಟ್ಟಿ.