ಟೇಲ್ ಲೈಟ್ ಉರಿಯುತ್ತಿಲ್ಲವೇ? ಬಲ್ಬ್ ತರುವ ಮೊದಲು ಅರ್ಥಿಂಗ್ ನೋಡಿ

ಈ ವಾರ ಬೆಳೆ ಬಿಟ್ಟು ಗಾಡಿಯ ಹಿಂಭಾಗಕ್ಕೆ ಹೋಗೋಣ. ಬೆಳೆಗೂ ಟೇಲ್ ಲೈಟಿಗೂ ಏನು ಸಂಬಂಧ ಅನ್ನಬೇಡಿ. ತರಕಾರಿ ತುಂಬಿದ ಪಿಕಪ್ ಮಾರುಕಟ್ಟೆಗೆ ಹೊರಡೋದು ಬೆಳಗಿನ ಜಾವದ ಕತ್ತಲಲ್ಲಿ. ಕಬ್ಬಿನ ಟ್ರೇಲರ್ ಕಾರ್ಖಾನೆ ಕಡೆ ತೆವಳೋದು ರಾತ್ರಿಯಲ್ಲಿ. ಬೆಳೆದದ್ದು ದುಡ್ಡಾಗೋ ಮೊದಲು ಒಂದು ಕತ್ತಲ ರಸ್ತೆ ದಾಟಲೇಬೇಕು. ಆ ರಸ್ತೆಯಲ್ಲಿ ನಾವು ಇದ್ದೇವೆ ಅಂತ ಹಿಂದಿನವರಿಗೆ ಹೇಳೋದು ಕೆಂಪು ದೀಪ ಮಾತ್ರ. ಓಡಿಸೋರಿಗೆ ಕಾಣದ ದೀಪವೂ ಅದೇ.

ಒಂದು ಸಣ್ಣ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ರಸ್ತೆ ಬದಿ ದೀಪವಿಲ್ಲದೆ ನಿಂತ ಟ್ರೇಲರ್ ಆ ಸವಾರನಿಗೆ 40 ಮೀಟರ್ ದೂರದಲ್ಲಿ ಕಂಡಿತು ಅಂದುಕೊಳ್ಳಿ. ಕಂಡು, ಅರ್ಥವಾಗಿ, ಬ್ರೇಕ್ ಮೇಲೆ ಕಾಲಿಡೋದರೊಳಗೆ ಒಂದೂವರೆ ಸೆಕೆಂಡ್, ಅಂದರೆ 25 ಮೀಟರ್ ಹೋಯಿತು. ಉಳಿದದ್ದು 15. ಒಣ ರಸ್ತೆಯಲ್ಲೂ ಆ ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. ಅವನ ಹತ್ತಿರ ಅಷ್ಟು ಜಾಗವೇ ಇಲ್ಲ. ಕೆಂಪು ದೀಪ ಉರಿಯುತ್ತಿದ್ದರೆ ಇದೇ ಟ್ರೇಲರ್ ಬಹಳ ದೂರದಿಂದಲೇ ಕಾಣುತ್ತಿತ್ತು. ಒಂದು ಬಲ್ಬಿನ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಎಲೆ ಹಳದಿಯಾದರೆ ಬೇರು ನೋಡಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಚೆಲ್ಲೋರನ್ನು ನೋಡಿದ್ದೀರಿ. ಬೇರಿನ ಹತ್ತಿರ ನೀರು ನಿಂತಿದೆಯಾ, ಬೇರು ಕೊಳೆತಿದೆಯಾ ಅಂತ ನೋಡೋದೇ ಇಲ್ಲ. ಟೇಲ್ ಲೈಟಿನಲ್ಲೂ ಹಾಗೇ. ದೀಪ ಮಂಕಾದರೆ ಎಲ್ಲರೂ ಬಲ್ಬ್ ಬದಲಿಸುತ್ತಾರೆ. ನನ್ನ ಪಿಕಪ್ ಮತ್ತು ಟ್ರೇಲರಿನಲ್ಲಿ ನಾನು ಕಂಡಂತೆ, ತೊಂದರೆ ಹೆಚ್ಚಾಗಿ ಇರೋದು ಅರ್ಥಿಂಗಿನಲ್ಲಿ.

ಬ್ಯಾಟರಿಯ ಪ್ಲಸ್‌ನಿಂದ ತಂತಿಯಲ್ಲಿ ಬಂದ ಕರೆಂಟು ಬಲ್ಬ್ ದಾಟಿ ಮೈನಸ್‌ಗೆ ವಾಪಸ್ ಹೋಗಬೇಕು. ಬಹಳ ಗಾಡಿಗಳಲ್ಲಿ ಈ ವಾಪಸ್ ದಾರಿ ಗಾಡಿಯ ಕಬ್ಬಿಣದ ಮೈ. ಅದನ್ನೇ ಅರ್ಥಿಂಗ್ ಅನ್ನೋದು. ಆ ದಾರಿಯಲ್ಲಿ ತುಕ್ಕು ಕೂತರೆ ಹೊಸ ಬಲ್ಬೂ ಮಂಕಾಗಿಯೇ ಉರಿಯುತ್ತದೆ.

ನಮ್ಮ ಗಾಡಿಗಳಿಗೆ ಇದು ಬೇಗ ಆಗುತ್ತದೆ, ಅದಕ್ಕೆ ಕಾರಣ ನಾವು ಸಾಗಿಸೋ ಸರಕು. ಪೊಟ್ಯಾಶ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಅದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಹಸಿ ಸಗಣಿ, ಗಂಜಲ, ಯೂರಿಯಾದಿಂದ ಏಳೋ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಜೀವಾಮೃತದ ಡ್ರಮ್ ತುಳುಕಿದರೆ ಮೊದಲು ಹಾಳಾಗೋದು ಹೋಲ್ಡರಿನ ಹಿತ್ತಾಳೆ. ಸಾವಯವ ಅಂದ ಮಾತ್ರಕ್ಕೆ ತಂತಿಗೆ ರಿಯಾಯಿತಿ ಇಲ್ಲ.

ಲಕ್ಷಣ ನೋಡಿ ರೋಗ ಹಿಡಿಯಿರಿ

ಮೊದಲು ಫೋನ್ ತೆಗೆಯಿರಿ. ಗಾಡಿಯ ಹಿಂದೆ ಒಂದು ಕಲ್ಲಿಗೆ ಒರಗಿಸಿ ವಿಡಿಯೋ ಆನ್ ಮಾಡಿ. ಒಳಗೆ ಕೂತು ಪಾರ್ಕ್ ಲೈಟ್, ಬ್ರೇಕ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ರಿವರ್ಸ್ ಒಂದೊಂದಾಗಿ ಹಾಕಿ. ರಿವರ್ಸ್ ನೋಡುವಾಗ ಕೀ ಮಾತ್ರ ಆನ್ ಇರಲಿ, ಎಂಜಿನ್ ಬೇಡ, ಹ್ಯಾಂಡ್ ಬ್ರೇಕ್ ಹಾಕಿರಲಿ. ಆಮೇಲೆ ವಿಡಿಯೋ ನೋಡಿ. ಇನ್ನೊಬ್ಬರನ್ನು ಕರೆಯೋ ಅಗತ್ಯವೇ ಇಲ್ಲ.

* ಒಂದು ಬದಿಯ ಒಂದೇ ದೀಪ ಇಲ್ಲ: ಬಲ್ಬ್ ಅಥವಾ ಅದರ ಹೋಲ್ಡರ್.
* ಒಂದು ಬದಿ ಪೂರ್ತಿ ಮಂಕು, ಅಥವಾ ಬ್ರೇಕ್ ಒತ್ತಿದರೆ ಇಂಡಿಕೇಟರೂ ಸಣ್ಣಗೆ ಉರಿಯುತ್ತದೆ: ಅರ್ಥಿಂಗ್.
* ಇಂಡಿಕೇಟರ್ ಪಟಪಟ ಅಂತ ವೇಗವಾಗಿ ಮಿಟುಕುತ್ತದೆ: ಆ ಬದಿಯ ಒಂದು ಬಲ್ಬ್ ಹೋಗಿರಬಹುದು.
* ಎರಡೂ ಬದಿ ಬ್ರೇಕ್ ಲೈಟ್ ಇಲ್ಲ: ಮೊದಲು ಫ್ಯೂಸ್, ಆಮೇಲೆ ಪೆಡಲ್ ಹತ್ತಿರದ ಸ್ವಿಚ್.
* ಬ್ರೇಕ್ ಲೈಟ್ ಆರೋದೇ ಇಲ್ಲ: ಅದೇ ಪೆಡಲ್ ಸ್ವಿಚ್. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಬ್ಯಾಟರಿ ಖಾಲಿ.

ಅರ್ಥಿಂಗ್ ಅನುಮಾನ ಇದ್ದರೆ ಒಂದು ತುಂಡು ತಂತಿ ಸಾಕು. ದೀಪ ಆನ್ ಇಟ್ಟು, ತಂತಿಯ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಹೋಲ್ಡರಿನ ಅರ್ಥಿಂಗ್ ಲೋಹಕ್ಕೆ ತಾಗಿಸಿ. ಪ್ಲಸ್ ಕಡೆಗೆ ಮಾತ್ರ ತಾಗಿಸಬೇಡಿ. ದೀಪ ಥಟ್ಟನೆ ಪ್ರಖರವಾದರೆ ರೋಗ ಸಿಕ್ಕಿತು. ಅರ್ಥಿಂಗ್ ಬೋಲ್ಟ್ ಬಿಚ್ಚಿ, ತುಕ್ಕನ್ನು ಎಮರಿ ಕಾಗದದಿಂದ ಹೊಳೆಯೋವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಬಲ್ಬ್ ಬದಲಿಸೋದು

ಕೀ ಆಫ್ ಮಾಡಿ. ಉರಿಯುತ್ತಿದ್ದ ಬಲ್ಬ್ ಸುಡುತ್ತದೆ, ಸ್ವಲ್ಪ ಆರಲಿ. ಬಿಚ್ಚೋ ಮೊದಲು ಒಂದು ಫೋಟೋ ಹೊಡೆದುಕೊಳ್ಳಿ. ಸ್ಕ್ರೂ ತೆಗೆದು ಹೋಲ್ಡರ್ ಹೊರಗೆಳೆಯಿರಿ. ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ.

ಹಳೆ ಬಲ್ಬಿನ ತಳದಲ್ಲಿ ಬರೆದಿರೋದನ್ನು ಓದಿ, ಅದೇ ತನ್ನಿ. ಬಹಳ ಗಾಡಿಗಳಲ್ಲಿ ಪಾರ್ಕ್ ಮತ್ತು ಬ್ರೇಕ್ ಎರಡಕ್ಕೂ ಸೇರಿ ಪಿ21/5ಡಬ್ಲ್ಯೂ ಅನ್ನೋ ಒಂದೇ ಬಲ್ಬ್ ಇರುತ್ತದೆ. ಅದರೊಳಗೆ ಎರಡು ತಂತು: 5 ವ್ಯಾಟಿನದು ಪಾರ್ಕಿಗೆ, 21 ವ್ಯಾಟಿನದು ಬ್ರೇಕಿಗೆ. ಅದರ ಪಕ್ಕದ ಎರಡು ಗುಬುಟು ಒಂದೇ ಎತ್ತರದಲ್ಲಿ ಇರೋದಿಲ್ಲ, ತಪ್ಪು ದಿಕ್ಕಿನಲ್ಲಿ ಕೂರದಿರಲಿ ಅಂತ ಹಾಗೆ ಮಾಡಿದ್ದಾರೆ. ಕೂರದಿದ್ದರೆ ತಿರುಗಿಸಿ ನೋಡಿ, ಬಲ ಹಾಕಬೇಡಿ. ಗಾಜು ಕಪ್ಪಾದ ಬಲ್ಬ್ ಉರಿಯುತ್ತಿದ್ದರೂ ಬದಲಿಸಿ. ಒಂದು ಬದಿ ಸುಟ್ಟರೆ ಇನ್ನೊಂದರ ಆಯಸ್ಸೂ ಮುಗಿಯುತ್ತಾ ಬಂದಿರುತ್ತದೆ, ಜೋಡಿಯಾಗಿ ಹಾಕಿ.

ಫ್ಯೂಸ್ ಹೋದರೆ ಅದೇ ಆಂಪಿಯರಿನದು: ಕೆಂಪು 10, ನೀಲಿ 15, ಹಳದಿ 20. ಎರಡು ಬ್ರೇಕ್ ಬಲ್ಬ್ ಎಳೆಯೋದು ಸುಮಾರು ಮೂರೂವರೆ ಆಂಪಿಯರ್ ಮಾತ್ರ. ಹೊಸ ಫ್ಯೂಸೂ ಹೋಯಿತು ಅಂದರೆ ಎಲ್ಲೋ ತಂತಿ ಸಿಪ್ಪೆ ಸುಲಿದು ಮೈಗೆ ತಾಗುತ್ತಿದೆ. ಅಲ್ಲಿಗೆ ಬರೀ ತಂತಿ ಸುತ್ತಿದರೆ ಮುಂದೆ ಸುಡೋದು ಗಾಡಿ.

ಎಲ್‌ಇಡಿ ಹಾಕೋದಾ?

ಎಲ್‌ಇಡಿ ಬ್ರೇಕ್ ಲೈಟ್ ಹಳೆ ಬಲ್ಬಿಗಿಂತ ಸುಮಾರು 0.2 ಸೆಕೆಂಡ್ ಮೊದಲೇ ಹೊತ್ತಿಕೊಳ್ಳುತ್ತದೆ. 60ರ ವೇಗದಲ್ಲಿ ಹಿಂದಿನವನಿಗೆ ಅದು 3 ಮೀಟರ್ ಲಾಭ. ಆದರೆ ಹಳೆ ಹೋಲ್ಡರಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಸರಿಯಾಗಿ ಹರಡದೇ ಇರಬಹುದು, ಇಂಡಿಕೇಟರ್ ಪಟಪಟ ಅನ್ನಬಹುದು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬಣ್ಣ ಗುಲಾಬಿಯಾಗುತ್ತದೆ. ಹಾಕೋದಾದರೆ ನಿಮ್ಮ ಗಾಡಿಗೆಂದೇ ಬರೋ ಪೂರ್ತಿ ಸೆಟ್ ಹಾಕಿ.

ನೀರು, ಟ್ರೇಲರ್, ಲೋಡು

ದೀಪದೊಳಗೆ ನೀರು ನಿಂತಿದ್ದರೆ ಗಾಜಿನ ಬಿರುಕು, ಹಿಂದಿನ ರಬ್ಬರ್ ನೋಡಿ. ಬಿರುಕಿಗೆ ಸಿಲಿಕಾನ್ ಹಚ್ಚಿ, ಆದರೆ ಕೆಳಗೆ ಸಣ್ಣ ತೂತು ಇದ್ದರೆ ಮುಚ್ಚಬೇಡಿ. ಕುಂಡದ ತಳದ ತೂತಿನ ಹಾಗೆ, ನೀರು ಇಳಿಯೋದು ಅಲ್ಲಿಂದಲೇ.

ಟ್ರೇಲರಿನಲ್ಲಿ ಅರ್ಥಿಂಗಿಗೆ ಬೇರೆ ತಂತಿ ಇಲ್ಲದಿದ್ದರೆ ಕರೆಂಟು ವಾಪಸ್ ಹೋಗೋದು ಕೊಂಡಿಯ ಪಿನ್ ಮೂಲಕ. ಅಲ್ಲಿ ಗ್ರೀಸು, ಧೂಳು, ತುಕ್ಕು ಎಲ್ಲವೂ ಇರುತ್ತದೆ. ಗುಂಡಿ ಬಂದಾಗೆಲ್ಲ ದೀಪ ಮಿಣುಕೋದು ಅದಕ್ಕೇ. 1.5 ಚದರ ಮಿ.ಮೀ. ತಾಮ್ರದ ತಂತಿ ಒಂದನ್ನು ಪ್ಲಗ್‌ನಿಂದ ದೀಪದವರೆಗೆ ಅರ್ಥಿಂಗಿಗೆಂದೇ ಎಳೆಯಿರಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲನ ಪಟ್ಟಿ ಅಂಟಿಸಿ. ಕರೆಂಟು ಹೋದರೂ ಅದು ಕೆಲಸ ಮಾಡುತ್ತದೆ. ಆದರೆ ಎದುರಿನ ಬೆಳಕು ಬಿದ್ದರೆ ಮಾತ್ರ, ಹಾಗಾಗಿ ದೀಪಕ್ಕೆ ಅದು ಬದಲಿ ಅಲ್ಲ.

ಕೊನೆಯದು, ಬಹಳ ಜನ ಮರೆಯೋದು. ದೀಪ ಚೆನ್ನಾಗಿದ್ದರೂ ಕಬ್ಬಿನ ಸೋಗೆ, ಮೇವು, ಟಾರ್ಪಲ್ ಇಳಿಬಿದ್ದು ಅದನ್ನು ಮುಚ್ಚಿರುತ್ತದೆ. ಹಾಗಾಗಿ ವಿಡಿಯೋ ಪರೀಕ್ಷೆಯನ್ನು ಖಾಲಿ ಗಾಡಿಯಲ್ಲಿ ಮಾಡಿದರೆ ಸಾಲದು, ಲೋಡ್ ಕಟ್ಟಿದ ಮೇಲೆ ಇನ್ನೊಮ್ಮೆ ಮಾಡಿ. ಎರಡು ನಿಮಿಷದ ಕೆಲಸ. ಒಂದು ಜೊತೆ ಬಲ್ಬ್, ಎರಡು ಫ್ಯೂಸ್, ಒಂದು ತುಂಡು ಎಮರಿ ಕಾಗದ ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಇರಲಿ. ಹಿಂದೆ ಬರೋ ಬೈಕಿನವನು ನಮ್ಮೂರಿನ ಹುಡುಗನೇ ಆಗಿರಬಹುದು.