ರಕ್ತಕ್ಕೊಂದು ಬದಲಿ ದಾರಿ

ಕಾಲುವೆಯ ಏರಿ ಒಡೆದರೆ ರೈತನು ಮೊದಲು ಕೆರೆಯ ತೂಬನ್ನು ಮುಚ್ಚುತ್ತಾನೆ. ನೀರಿನ ಹರಿವು ನಿಂತ ಮೇಲೆ ಮಣ್ಣು ಹಾಕಿ ಏರಿಯನ್ನು ಗಟ್ಟಿಮಾಡುತ್ತಾನೆ. ಅಷ್ಟು ಹೊತ್ತು ಗದ್ದೆಯ ಪೈರು ತಾಳಿಕೊಂಡಿರಬಲ್ಲುದು. ಮನುಷ್ಯನ ಮಹಾಪಧಮನಿ ಒಡೆದಾಗ ಶಸ್ತ್ರವೈದ್ಯನಿಗೆ ಈ ಅನುಕೂಲವಿಲ್ಲ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಯುವ ಈ ಕಾಲುವೆಯನ್ನು ನಾಲ್ಕೈದು ನಿಮಿಷ ಮುಚ್ಚಿದರೂ ಸಾಕು, ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಒಮ್ಮೆ ಸತ್ತವು ಮರಳಿ ಹುಟ್ಟುವುದಿಲ್ಲ.

ಮಹಾಪಧಮನಿಯು ಹೃದಯದಿಂದ ಹೊರಟು ಮೇಲಕ್ಕೇರಿ, ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಕೆಳಗಿಳಿಯುತ್ತದೆ. ತಲೆಗೂ ತೋಳುಗಳಿಗೂ ರಕ್ತವನ್ನು ಒಯ್ಯುವ ಮೂರು ಕವಲುಗಳು ಹೊರಡುವುದು ಈ ಕಮಾನಿನಿಂದಲೇ. ಕೆಲವರಲ್ಲಿ ಇದರ ಗೋಡೆ ತೆಳುವಾಗಿ ಬಲೂನಿನಂತೆ ಉಬ್ಬುತ್ತದೆ. ಮತ್ತೆ ಕೆಲವರಲ್ಲಿ ಒಳಪದರ ಹರಿದು, ರಕ್ತವು ಪದರಗಳ ನಡುವೆ ನುಗ್ಗಿ ಅವನ್ನು ಸೀಳುತ್ತದೆ. ಆಗ ಹಾಳಾದ ಭಾಗವನ್ನು ಕತ್ತರಿಸಿ ತೆಗೆದು, ನೇಯ್ದ ಬಟ್ಟೆಯ ಕೊಳವೆಯನ್ನು ಆ ಸ್ಥಾನದಲ್ಲಿ ಹೊಲಿಯಬೇಕು. ಹೊಲಿಯುವಷ್ಟು ಕಾಲ ಪ್ರಾಣವನ್ನು ಹಿಡಿದಿಡುವ ಬಗೆ ಹೇಗೆ?

ಇದಕ್ಕೆ ದಾರಿ ತೋರಿಸಿದವನು ಅಮೆರಿಕದ ಜಾನ್ ಗಿಬ್ಬನ್. ಆತನೂ ಆತನ ಪತ್ನಿ ಮೇರಿಯೂ ಬೆಕ್ಕುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಗಿಬ್ಬನ್ ಮುಚ್ಚಿದಾಗ, 26 ನಿಮಿಷಗಳ ಕಾಲ ಅವಳ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಯಂತ್ರವೇ ಪೂರ್ಣವಾಗಿ ನಡೆಸಿತು. ಆಕೆ ಬದುಕಿದಳು. ಅನಂತರದ ರೋಗಿಗಳು ಉಳಿಯಲಿಲ್ಲ. ನೊಂದ ಗಿಬ್ಬನ್ ಆ ಕೆಲಸದಿಂದ ಹಿಂದೆ ಸರಿದನು. ಯಂತ್ರವನ್ನು ಸುಧಾರಿಸಿ ಮುಂದುವರಿಸಿದವರು ಬೇರೆಯವರು.

ಯಂತ್ರದ ತತ್ತ್ವ ಸರಳವಾದುದು. ಬಲ ಹೃತ್ಕರ್ಣದಿಂದ ಮಲಿನರಕ್ತವನ್ನು ಕೊಳವೆಯ ಮೂಲಕ ಹೊರತೆಗೆದು, ಅದಕ್ಕೆ ಆಮ್ಲಜನಕವನ್ನು ಬೆರೆಸಿ, ಬೇಕಾದ ಉಷ್ಣತೆಗೆ ತಂದು, ಸೋಸಿ, ಪಂಪಿನಿಂದ ಮತ್ತೆ ಅಪಧಮನಿಗೆ ತಳ್ಳುವುದು. ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮೊದಲೇ ಹೆಪಾರಿನ್ ಕೊಡುತ್ತಾರೆ. ನಡೆಸುವುದು ಮಾತ್ರ ಸರಳವಲ್ಲ. ಯಂತ್ರದ ಮುಂದೆ ಕುಳಿತ ಪರ್ಫ್ಯೂಷನಿಸ್ಟನು ರಕ್ತದ ಒತ್ತಡ, ಹರಿವು, ಉಷ್ಣತೆ, ಆಮ್ಲಜನಕಗಳ ಮೇಲೆ ಎಡೆಬಿಡದೆ ಕಣ್ಣಿಟ್ಟಿರುತ್ತಾನೆ. ಒಂದು ಗಾಳಿಗುಳ್ಳೆ ಮಿದುಳನ್ನು ಸೇರಿದರೂ ಅಪಾಯ. ವಿದ್ಯುತ್ತು ಹೋಗಿ, ಬದಲಿ ಏರ್ಪಾಡೂ ಕೈಕೊಟ್ಟರೆ ಪಂಪನ್ನು ಕೈಯಿಂದಲೇ ತಿರುಗಿಸಲು ಹಿಡಿಕೆಯೊಂದು ಪಕ್ಕದಲ್ಲೇ ಇರುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರದ ಕಡೆಯ ಆಸರೆ ಮನುಷ್ಯನ ತೋಳೇ!

ಸಾಮಾನ್ಯ ಹೃದಯಶಸ್ತ್ರಕ್ರಿಯೆಗೆ ಇಷ್ಟು ಸಾಕು. ಆದರೆ ಕಮಾನನ್ನೇ ಬಿಚ್ಚಿದಾಗ ಯಂತ್ರದ ರಕ್ತವೂ ತಲೆಗೆ ಹೋಗುವಂತಿಲ್ಲ. ಇಲ್ಲಿ ನೆರವಿಗೆ ಬಂದುದು ಚಳಿ. ದೇಹ ತಣ್ಣಗಾದಷ್ಟೂ ಅದಕ್ಕೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆಂಬುದನ್ನು ಟೊರಾಂಟೊ ನಗರದ ಬಿಗೆಲೋ 1950ರಲ್ಲಿ ನಾಯಿಗಳಲ್ಲಿ ತೋರಿಸಿದ್ದನು. 1975ರಲ್ಲಿ ರ್ಯಾಂಡಲ್ ಗ್ರೀಪ್ ಮತ್ತು ಸಂಗಡಿಗರು ರೋಗಿಗಳನ್ನು ಬಹಳವಾಗಿ ತಣಿಸಿ, ರಕ್ತದ ಹರಿವನ್ನೇ ನಿಲ್ಲಿಸಿ, ಕಮಾನನ್ನು ಬದಲಿಸಿದ ವರದಿಯನ್ನು ಪ್ರಕಟಿಸಿದರು. ದೇಹವು 18 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗ ಮಿದುಳು ಸುಮಾರು ಅರ್ಧ ಗಂಟೆ ರಕ್ತವಿಲ್ಲದೆ ತಾಳಬಲ್ಲುದು. ಹೃದಯ ಮಿಡಿಯುವುದಿಲ್ಲ, ಪಂಪು ತಿರುಗುವುದಿಲ್ಲ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಶಸ್ತ್ರವೈದ್ಯನು ಅದರೊಡನೆ ಪಂದ್ಯ ಕಟ್ಟಿದವನಂತೆ ಹೊಲಿಯುತ್ತಾನೆ. ಈಗ ಅನೇಕ ಕಡೆ ಅಷ್ಟೊಂದು ತಣಿಸುವುದಿಲ್ಲ. ಬಲತೋಳಿನ ಬುಡದ ಅಪಧಮನಿಯಿಂದ ಸ್ವಲ್ಪ ರಕ್ತವನ್ನು ಮಿದುಳಿಗೆ ಮಾತ್ರ ಹರಿಸುತ್ತಿರುತ್ತಾರೆ. ಇದು ಹೆಚ್ಚು ನೆಮ್ಮದಿಯ ಮಾರ್ಗ.

ಮತ್ತೆ ಕಾಯಿಸುವಾಗ ಅವಸರ ಸಲ್ಲದು. ತಣ್ಣನೆಯ ರಕ್ತದಲ್ಲಿ ಕರಗಿರುವ ಅನಿಲವು ಒಮ್ಮೆಲೇ ಬಿಸಿಯಾದರೆ ಗುಳ್ಳೆಗಳಾಗಿ ಏಳುತ್ತದೆ. ಆದುದರಿಂದ ಒಳಹೋಗುವ ರಕ್ತಕ್ಕೂ ಹೊರಬರುವ ರಕ್ತಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರ ಬಾರದಂತೆ ನೋಡಿಕೊಳ್ಳುತ್ತಾರೆ. ರಕ್ತವು 37 ಡಿಗ್ರಿಯನ್ನು ಮೀರಲೂಬಾರದು. ಬಳಲಿದ ಮಿದುಳಿಗೆ ಜ್ವರ ಹಾನಿಕರ.

ಮಹಾಪಧಮನಿಗೆ ಡೇಕ್ರಾನ್ ಬಟ್ಟೆಯ ಕೊಳವೆಯನ್ನು ಮೊದಲು ಹೊಲಿಗೆಯಂತ್ರದಲ್ಲಿ ತಾನೇ ಹೊಲಿದು ತಯಾರಿಸಿದವನು ಹ್ಯೂಸ್ಟನ್ನಿನ ಮೈಕೇಲ್ ಡಿಬೇಕಿ. ಪದರ ಸೀಳುವ ಈ ರೋಗವನ್ನು ವಿಂಗಡಿಸಿದವರಲ್ಲಿಯೂ ಆತನೊಬ್ಬನು. 2005ರ ಡಿಸೆಂಬರ್ ಕೊನೆಯಲ್ಲಿ, 97ರ ವಯಸ್ಸಿನಲ್ಲಿ, ಅದೇ ರೋಗ ಅವನಿಗೇ ಬಂದಿತು. ಮೊದಲು ಆತನು ಶಸ್ತ್ರಕ್ರಿಯೆಗೆ ಒಪ್ಪಲಿಲ್ಲ. ದೇಹಸ್ಥಿತಿ ಕೆಟ್ಟು ಎಚ್ಚರ ತಪ್ಪಿದ ಮೇಲೆ, 2006ರ ಫೆಬ್ರುವರಿಯಲ್ಲಿ ಸಹೋದ್ಯೋಗಿಗಳು ಬಹಳ ಚರ್ಚೆಯ ತರುವಾಯ ಧೈರ್ಯಮಾಡಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಆತನು ಗುಣಹೊಂದಿದನು, ಮತ್ತೆ ಕೆಲಸಕ್ಕೂ ಹೋದನು. 2008ರ ಜುಲೈಯಲ್ಲಿ ತೀರಿಕೊಂಡಾಗ ಆತನಿಗೆ ನೂರು ತುಂಬಲು ಇನ್ನೆರಡು ತಿಂಗಳಿತ್ತು.